ಬೋರ್ಡ್ ಜೊತೆ ಮಾರುವ ಬಿಡಿ ಸಾಮಾನು: ಎಲ್ಲಿ ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು

ನೂರರಿಂದ ಐನೂರು ಡೆವಲಪ್‌ಮೆಂಟ್ ಬೋರ್ಡ್ (ಪ್ರೋಗ್ರಾಮ್ ಬರೆದು ಪ್ರಯೋಗ ಮಾಡಲು ಬಳಸುವ ಸರ್ಕ್ಯೂಟ್ ಬೋರ್ಡ್) ಮಾಡಿಸುವವರು ಸರ್ಕ್ಯೂಟ್, ಪಿಸಿಬಿ, ಅಸೆಂಬ್ಲಿ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಜೊತೆಗೆ ಹೋಗುವ ಕೇಬಲ್, ಅಡಾಪ್ಟರ್, ಮೆಮೊರಿ ಕಾರ್ಡ್, ಕೇಸ್ ಮಾತ್ರ ಕೊನೆಯ ವಾರದಲ್ಲಿ, ಎಲ್ಲಿ ಅಗ್ಗವೋ ಅಲ್ಲಿಂದ ಬರುತ್ತವೆ. ಕೊಂಡವರ ಮೇಜಿನ ಮೇಲೆ ಕೇಬಲ್ ಕೈಕೊಟ್ಟರೆ ದೂರು ಬರುವುದು ಬೋರ್ಡಿನ ಹೆಸರಿಗೆ. ‘ವೈ-ಫೈ ಆನ್ ಮಾಡಿದ ಕೂಡಲೇ ರೀಸೆಟ್ ಆಗುತ್ತದೆ’, ‘ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ’ ಎಂದು ಬರೆಯುವವರಿಗೆ ಕೇಬಲ್ ಮೇಲೆ ಅನುಮಾನ ಹುಟ್ಟುವುದು ಕಟ್ಟಕಡೆಗೆ. ಹಾಗಾಗಿ ಇಲ್ಲಿ ಸಾಮಾನು ಸಿಗುವ ಮೂರು ಬಗೆಯ ಮೂಲಗಳನ್ನೂ, ಒಂದೊಂದು ಸಾಮಾನನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಲಾಗಿದೆ: ಇದು ಕೆಟ್ಟಾಗ ಬೋರ್ಡೇ ಕೆಟ್ಟಂತೆ ಕಾಣುತ್ತದೆಯೇ? ಕಾಣುವುದಾದರೆ ದುಬಾರಿಯಾದರೂ ಗೊತ್ತಿರುವ ಮೂಲದಿಂದಲೇ ತರಬೇಕು, ಇಲ್ಲವೇ ಮಾರಲೇಬಾರದು.

ಮೂರು ಮೂಲಗಳು

ಮೊದಲನೆಯವರು ಅಧಿಕೃತ ವಿತರಕರು. ಡಿಜಿ-ಕೀ, ಮೌಸರ್, ಫಾರ್ನೆಲ್ ಈ ಸಾಲಿನವರು. ಬಿಡಿ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಆ ಹಣಕ್ಕೆ ಕೇಬಲ್ ಜೊತೆ ಡೇಟಾಶೀಟ್, ತಯಾರಕರ ಪಾರ್ಟ್ ನಂಬರ್, ರೋಹ್ಸ್ ದಾಖಲೆ (ಸೀಸದಂಥ ಅಪಾಯಕಾರಿ ವಸ್ತು ಮಿತಿಯಲ್ಲಿದೆ ಎಂಬುದರ ಪತ್ರ), ಕಸ್ಟಮ್ಸ್‌ಗೆ ಬೇಕಾದ ಎಚ್‌ಎಸ್ ಕೋಡ್, ತಯಾರಾದ ದೇಶದ ವಿವರ ಎಲ್ಲವೂ ಸಿಗುತ್ತವೆ. ತಯಾರಕರು ಆ ಭಾಗವನ್ನು ಬದಲಿಸಿದರೆ ಅಥವಾ ನಿಲ್ಲಿಸಿದರೆ ಪಿಸಿಎನ್ ಎಂಬ ಬದಲಾವಣೆಯ ಸೂಚನೆ ಬರುತ್ತದೆ. ಆರು ತಿಂಗಳ ನಂತರ ಅದೇ ಪಾರ್ಟ್ ನಂಬರ್ ಹಾಕಿದರೆ ಅದೇ ಕೇಬಲ್ ಬರುತ್ತದೆ. ಸಣ್ಣ ಪ್ರಮಾಣದ ತಯಾರಕರಿಗೆ ಇದಕ್ಕಿಂತ ದೊಡ್ಡ ಅನುಕೂಲವೆಂದರೆ ಹತ್ತು ಬೇಕೆಂದರೆ ಹತ್ತೇ ಕೊಡುತ್ತಾರೆ. ಒಂದು ಎಚ್ಚರಿಕೆ ಇರಲಿ. ಕೆಲವು ವಿತರಕರ ತಾಣದಲ್ಲೇ ಮೂರನೆಯ ಮಾರಾಟಗಾರರ ಮಾಲೂ ಇರುತ್ತದೆ. ಅದು ಬೇರೆ ಕಡೆಯಿಂದ ಬೇರೆ ಪಾರ್ಸೆಲ್ಲಾಗಿ, ಬೇರೆ ಸಾಗಣೆ ವೆಚ್ಚದೊಂದಿಗೆ ಬರುತ್ತದೆ. ಕಾರ್ಟ್‌ಗೆ ಹಾಕುವ ಮುಂಚೆ ‘ಕಳಿಸುವವರು ಯಾರು’ ಎನ್ನುವ ಸಾಲನ್ನು ಓದಿ.

ಎರಡನೆಯದು ಆನ್‌ಲೈನ್ ಮಾರುಕಟ್ಟೆ. ಇಲ್ಲಿ ಫೋಟೋ ಒಂದೇ, ಮಾಲು ಹಲವು. ಸ್ಯಾಂಪಲ್ ಚೆನ್ನಾಗಿತ್ತೆಂದು ಅದೇ ಪುಟದಿಂದ ಇನ್ನೂರು ತರಿಸಿದರೆ ಒಳಗಿನ ತಂತಿ ಬೇರೆಯೇ ಆಗಿರಬಹುದು, ಏಕೆಂದರೆ ಮಾರುವವರೂ ಆ ವಾರ ಯಾರ ಬಳಿ ಅಗ್ಗವೋ ಅವರ ಬಳಿ ಕೊಂಡಿರುತ್ತಾರೆ. ಸ್ಕ್ರೂ, ಸ್ಪೇಸರ್, ಆಂಟಿಸ್ಟ್ಯಾಟಿಕ್ ಕವರ್, ಸ್ಟಿಕರ್, ರಬ್ಬರ್ ಪಾದ ಇಂಥವಕ್ಕೆ ಈ ಮೂಲ ಧಾರಾಳವಾಗಿ ಸಾಕು. ಮೆಮೊರಿ ಕಾರ್ಡ್, ಬ್ಯಾಟರಿ, ಅಡಾಪ್ಟರ್, ಯುಎಸ್‌ಬಿ-ಸೀರಿಯಲ್ ಚಿಪ್ ಇರುವ ಕನ್ವರ್ಟರ್ ಇವುಗಳಿಗೆ ಈ ಕಡೆ ತಲೆಹಾಕುವುದೇ ಬೇಡ. 2014ರಲ್ಲಿ ಇಂಥ ಕನ್ವರ್ಟರ್ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಪ್ರಾಡಕ್ಟ್ ಐಡಿಯನ್ನು ಸೊನ್ನೆಗೆ ಬದಲಿಸಿಬಿಟ್ಟಿತು. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಕನ್ವರ್ಟರ್‌ಗಳನ್ನು ಕಂಪ್ಯೂಟರ್‌ಗಳು ಗುರುತಿಸದಾದವು. ನಕಲಿ ಎಂಬುದು ಮಾರಿದ, ಕೊಂಡ ಎಷ್ಟೋ ಜನರಿಗೆ ಆ ದಿನದವರೆಗೆ ತಿಳಿದಿರಲೇ ಇಲ್ಲ. ಅಗ್ಗಕ್ಕೇ ಬೇಕೆಂದರೆ ನಕಲಿ ಎಫ್‌ಟಿಡಿಐಗಿಂತ ಅಸಲಿ ಸಿಎಚ್340 ಎಂಬ ಅಗ್ಗದ ಚಿಪ್ ಎಷ್ಟೋ ಮೇಲು.

ಮೂರನೆಯದು ನೇರ ಕಾರ್ಖಾನೆ. ನಿಮ್ಮ ಉದ್ದ, ನಿಮ್ಮ ಬಣ್ಣ, ನಿಮ್ಮ ಲೋಗೋ ಹಾಕಿ ಕೊಡುತ್ತಾರೆ. ಬಿಡಿ ದರ ಅತಿ ಕಡಿಮೆ. ಆದರೆ ಕನಿಷ್ಠ ಆರ್ಡರ್ 500 ಅಥವಾ 1000 ಎನ್ನುತ್ತಾರೆ, ಸಣ್ಣವರು ಎಡವುವುದು ಅಲ್ಲೇ. ಲೆಕ್ಕ ಹಾಕಿ ನೋಡಿ. ಕಾರ್ಖಾನೆಯಲ್ಲಿ ಒಂದು ಕೇಬಲ್‌ಗೆ 100, ವಿತರಕರಲ್ಲಿ 170 ಎಂದಿಟ್ಟುಕೊಳ್ಳಿ. ನಾಣ್ಯ ಯಾವುದಾದರೂ ಆಗಲಿ. 500 ಕೊಂಡರೆ 50,000 ಒಮ್ಮೆಗೇ ಕೈಬಿಟ್ಟಿತು. ಅದರಲ್ಲಿ 120 ಮಾತ್ರ ಮಾರಾಟವಾದರೆ ಒಂದೊಂದಕ್ಕೂ ನಿಜವಾಗಿ ಬಿದ್ದದ್ದು 417. ಕಾರ್ಖಾನೆ ದರ ಗೆಲ್ಲಬೇಕಾದರೆ ಕನಿಷ್ಠ 295 ಕೇಬಲ್ ಮಾರಬೇಕು. ಬೋರ್ಡೇ ಇನ್ನೂರು ಇರುವಾಗ ಅದು ಆಗದ ಮಾತು. ಮೊದಲ ಲಾಟ್‌ಗೆ ವಿತರಕರೇ ಸರಿ. ಎಷ್ಟು ಜನ ಬೋರ್ಡ್ ಜೊತೆ ಕೇಬಲ್ಲನ್ನೂ ಕೊಳ್ಳುತ್ತಾರೆ ಎನ್ನುವುದು ಗೊತ್ತಾದ ಮೇಲೆ ಕಾರ್ಖಾನೆಗೆ ಬರೆಯಿರಿ.

ಕೇಬಲ್

ಇಡೀ ಪಟ್ಟಿಯಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಕೇಬಲ್ ಹೊದಿಕೆಯ ಮೇಲೆ ‘28ಎಡಬ್ಲ್ಯೂಜಿ/1ಪಿ + 24ಎಡಬ್ಲ್ಯೂಜಿ/2ಸಿ’ ಎಂಬಂಥ ಮುದ್ರಣವಿದ್ದರೆ ಡೇಟಾ ಜೋಡಿ 28 ಗೇಜಿನದು, ವಿದ್ಯುತ್ತಿನ ಎರಡು ತಂತಿ 24 ಗೇಜಿನವು ಎಂದರ್ಥ. ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 28 ಗೇಜ್ ತಾಮ್ರದ ತಂತಿ ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರುವ ಎರಡೂ ತಂತಿ ಸೇರಿದರೆ ಒಂದು ಮೀಟರ್ ಕೇಬಲ್‌ಗೆ 0.43 ಓಮ್. 1 ಆಂಪಿಯರ್ ಎಳೆದರೆ 0.43 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 24 ಗೇಜ್ ಆದರೆ ಅದೇ ಉದ್ದಕ್ಕೆ 0.17 ಓಮ್, 20 ಗೇಜ್ ಆದರೆ 0.07 ಓಮ್. ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇದ್ದರೆ ಇದೆಲ್ಲವೂ ಇನ್ನಷ್ಟು ಹದಗೆಡುತ್ತದೆ.

ಇದು ಬೋರ್ಡಿನಲ್ಲಿ ಹೇಗೆ ಕಾಣುತ್ತದೆ? 1117 ಬಗೆಯ 3.3 ವೋಲ್ಟ್ ರೆಗ್ಯುಲೇಟರ್ ಇರುವ ಬೋರ್ಡ್‌ಗಳು ಬಹಳ. ಹೆಚ್ಚು ಕರೆಂಟಿನಲ್ಲಿ ಅದಕ್ಕೆ 1.3 ವೋಲ್ಟ್‌ವರೆಗೂ ಡ್ರಾಪ್‌ಔಟ್ (ಔಟ್‌ಪುಟ್‌ಗಿಂತ ಇನ್‌ಪುಟ್ ಹೆಚ್ಚಿರಬೇಕಾದ ಅಂತರ) ಬೇಕಾಗಬಹುದು, ಅಂದರೆ ಇನ್‌ಪುಟ್ 4.6 ವೋಲ್ಟ್ ಇರಬೇಕು. ಪೋರ್ಟ್ 4.75 ಕೊಡುತ್ತಿದೆ, ಇಎಸ್‌ಪಿ32 ಚಿಪ್ ವೈ-ಫೈ ಪ್ರಸಾರಕ್ಕೆ ಇಳಿದ ಕ್ಷಣದಲ್ಲಿ ಡಿಸ್‌ಪ್ಲೇ, ಸೆನ್ಸರ್ ಎಲ್ಲ ಸೇರಿ ಅರ್ಧ ಆಂಪಿಯರ್ ಎಳೆಯಿತು ಎನ್ನಿ. ತೆಳು ಕೇಬಲ್‌ನಲ್ಲಿ 0.21 ವೋಲ್ಟ್ ಹೋಗಿ ಬೋರ್ಡಿಗೆ ಉಳಿಯುವುದು 4.54. 3.3 ವೋಲ್ಟ್ ಕುಸಿಯತೊಡಗುತ್ತದೆ. ಕುಸಿತ ಹೆಚ್ಚಾದರೆ ಬ್ರೌನ್‌ಔಟ್ (ವೋಲ್ಟೇಜ್ ಸಾಲದ ಸ್ಥಿತಿ) ಆಗಿ ಬೋರ್ಡ್ ರೀಸೆಟ್. ಮತ್ತೆ ಶುರುವಾಗಿ ವೈ-ಫೈ ಹುಡುಕುತ್ತದೆ, ಮತ್ತೆ ರೀಸೆಟ್. ಕೊಂಡವರಿಗೆ ಕಾಣುವುದು ಇಷ್ಟೇ.

ಪರೀಕ್ಷೆ ಕಷ್ಟವಲ್ಲ. ಕೇಬಲ್‌ನ ಕೊನೆಗೆ ಎಲೆಕ್ಟ್ರಾನಿಕ್ ಲೋಡ್ ಹಾಕಿ 1 ಆಂಪಿಯರ್ ಎಳೆಯಿರಿ. ಮಲ್ಟಿಮೀಟರ್‌ನಲ್ಲಿ ಪೂರೈಕೆಯ ತುದಿ, ಲೋಡ್ ತುದಿ ಎರಡರ ವೋಲ್ಟೇಜೂ ನೋಡಿ ಕಳೆಯಿರಿ. ಬಂದ ವೋಲ್ಟ್ ಸಂಖ್ಯೆಯೇ ಓಮ್ ಸಂಖ್ಯೆ, ಕನೆಕ್ಟರ್‌ಗಳ ಪ್ರತಿರೋಧವೂ ಅದರಲ್ಲಿ ಸೇರಿರುತ್ತದೆ. ಒಂದು ಮೀಟರ್ ಕೇಬಲ್‌ಗೆ 0.25 ಓಮ್ ಮೇಲೆ ಬಂದರೆ ಡೆವಲಪ್‌ಮೆಂಟ್ ಬೋರ್ಡ್ ಜೊತೆ ಅದನ್ನು ಮಾರಬೇಡಿ. ಹಾಗೆಂದು ಕೇಬಲ್ಲೊಂದನ್ನೇ ನೆಚ್ಚುವಂತೆಯೂ ಇಲ್ಲ. ಟೈಪ್-ಸಿ ನಿರ್ದಿಷ್ಟತೆಯೇ ಪೂರ್ಣ ಕರೆಂಟಿನಲ್ಲಿ ವಿಬಸ್ (ವಿದ್ಯುತ್ ತರುವ) ತಂತಿಯಲ್ಲಿ 0.5, ಗ್ರೌಂಡ್‌ನಲ್ಲಿ 0.25 ವೋಲ್ಟ್‌ವರೆಗೆ ಇಳಿಕೆಗೆ ಒಪ್ಪಿಗೆ ಕೊಟ್ಟಿದೆ. ಬೋರ್ಡಿನ ವಿನ್ಯಾಸದಲ್ಲೇ ಅದಕ್ಕೆ ಜಾಗ ಇಟ್ಟಿರಬೇಕು.

ಯುಎಸ್‌ಬಿ-ಎ ಇಂದ ಸಿಗೆ ಹೋಗುವ ಕೇಬಲ್ ತರಿಸುವುದಾದರೆ ಸಿ ಪ್ಲಗ್‌ನೊಳಗೆ ಸಿಸಿ ತಂತಿಯಿಂದ (ಎಷ್ಟು ಕರೆಂಟ್ ಸಿಗುತ್ತದೆಂದು ಸಾಧನಕ್ಕೆ ಹೇಳುವ ತಂತಿ) ವಿಬಸ್‌ಗೆ 56 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. 10 ಕಿಲೋ ಹಾಕಿದ ಕೇಬಲ್‌ಗಳು 3 ಆಂಪಿಯರ್ ಸಿಗುತ್ತದೆ ಎಂದು ಸಾಧನಕ್ಕೆ ಸುಳ್ಳು ಹೇಳುತ್ತವೆ, ಆಗ ಪೆಟ್ಟು ಬೀಳುವುದು ಹಳೆಯ ಪೋರ್ಟ್‌ಗೆ. ಸಿ-ಯಿಂದ-ಸಿ ಕೇಬಲ್ ಕೊಡುವುದಾದರೆ ನಿಮ್ಮ ಬೋರ್ಡನ್ನೂ ಒಮ್ಮೆ ನೋಡಿಕೊಳ್ಳಿ. ಸಿಸಿ1, ಸಿಸಿ2 ಎರಡಕ್ಕೂ ಬೇರೆ ಬೇರೆ 5.1 ಕಿಲೋ ಓಮ್ ಗ್ರೌಂಡ್‌ಗೆ ಇರಬೇಕು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಆವೃತ್ತಿಯಲ್ಲಿ ಎರಡಕ್ಕೂ ಒಂದೇ ರೆಸಿಸ್ಟರ್ ಇತ್ತು. ಇ-ಮಾರ್ಕ್ ಚಿಪ್ (ಕೇಬಲ್‌ನ ಸಾಮರ್ಥ್ಯ ತಿಳಿಸುವ ಚಿಪ್) ಇರುವ ಕೇಬಲ್ ಹಾಕಿದಾಗ ಚಾರ್ಜರ್ ಅದನ್ನು ಆಡಿಯೋ ಅಡಾಪ್ಟರ್ ಎಂದು ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ರೆಸಿಸ್ಟರೇ ಇಲ್ಲದ ಬೋರ್ಡ್ ಎ-ಸಿ ಕೇಬಲ್‌ನಲ್ಲಿ ಓಡುತ್ತದೆ, ಸಿ-ಸಿ ಕೇಬಲ್‌ನಲ್ಲಿ ಸತ್ತಂತಿರುತ್ತದೆ. ಆಗ ತಪ್ಪು ಕೇಬಲ್‌ನದಲ್ಲ. ಇನ್ನು ಡೇಟಾ ತಂತಿಯೇ ಇಲ್ಲದ, ಬರೀ ಚಾರ್ಜಿಂಗ್ ಕೇಬಲ್ ಪೆಟ್ಟಿಗೆಯಲ್ಲಿ ಒಂದು ಬೆರೆತರೂ ಸಾಕು, ಅದು ಹೋದ ಮನೆಯಲ್ಲಿ ಬೋರ್ಡ್ ಪ್ರೋಗ್ರಾಮ್ ಆಗುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಈ ಸಾಮಾನಿಗೆ ಚೆನ್ನಾಗಿ ಒಪ್ಪುತ್ತದೆ. ಪ್ರತಿ ಕೇಬಲ್ಲನ್ನೂ ಬೋರ್ಡಿನ ಅಂತಿಮ ಪರೀಕ್ಷೆಯಲ್ಲೇ ಬಳಸಿ, ಅದೇ ಕೇಬಲ್ಲನ್ನು ಅದೇ ಡಬ್ಬಿಗೆ ಹಾಕಿದರೆ ಈ ತಾಪತ್ರಯವೇ ಇಲ್ಲ.

ಅಡಾಪ್ಟರ್

ಬೋರ್ಡ್ 5 ವೋಲ್ಟ್ ಯುಎಸ್‌ಬಿಯಲ್ಲಿ ಓಡುವುದಾದರೆ ಅಡಾಪ್ಟರ್ ಮಾರಬೇಡಿ. ಗೋಡೆಯ ವಿದ್ಯುತ್ತಿಗೆ ಸಿಕ್ಕಿಸುವ ವಸ್ತುವಿಗೆ ಐಇಸಿ 62368-1 ಪ್ರಕಾರ ಸುರಕ್ಷತಾ ಪರೀಕ್ಷೆಯ ವರದಿ ಬೇಕು, ದೇಶಕ್ಕೊಂದು ಬಗೆಯ ಪ್ಲಗ್ ಬೇಕು, ಹಲವು ಕಡೆ ಸ್ಥಳೀಯ ನೋಂದಣಿಯೂ ಬೇಕು. ಇನ್ನೂರು ಬೋರ್ಡ್‌ಗೆ ನಾಲ್ಕು ಬಗೆಯ ಪ್ಲಗ್ ಇಟ್ಟುಕೊಂಡರೆ ಒಂದು ಬಗೆ ಖಾಲಿಯಾಗಿ ಉಳಿದ ಮೂರು ಧೂಳು ತಿನ್ನುತ್ತವೆ. ರಾಸ್ಪ್‌ಬೆರಿ ಪೈ 4ಕ್ಕೆಂದು ಬರುವ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಒಳ್ಳೆಯ ಮಾಲು. ಕಳಚಲಾಗದ ದಪ್ಪ ಕೇಬಲ್ ಅದರಲ್ಲೇ ಇರುವುದರಿಂದ ಯಾರೂ ತೆಳು ಕೇಬಲ್ ಸೇರಿಸಿ ಕೆಡಿಸುವಂತಿಲ್ಲ. 5ರ ಬದಲು 5.1 ಇಟ್ಟಿರುವುದೂ ದಾರಿಯ ಇಳಿಕೆಗೆಂದೇ. ಅಂಥದ್ದೊಂದನ್ನು ನಿಮ್ಮ ಬೋರ್ಡ್ ಜೊತೆ ಪರೀಕ್ಷಿಸಿ, ಹೆಸರು ಹೇಳಿ ಶಿಫಾರಸು ಮಾಡಿ. ಅಷ್ಟು ಸಾಕು.

12 ವೋಲ್ಟ್ ಡಿಸಿ ಜ್ಯಾಕ್ ಇರುವ ಬೋರ್ಡ್‌ಗೆ ಅಡಾಪ್ಟರ್ ಕೊಡಲೇಬೇಕಾಗಬಹುದು. ಆಗ 5.5×2.1 ಮತ್ತು 5.5×2.5 ಮಿ.ಮೀ. ಎಂಬ ಎರಡು ಅಳತೆಯ ಗೊಂದಲ ಕಾದಿರುತ್ತದೆ. 2.5ರ ಪ್ಲಗ್ 2.1ರ ಜ್ಯಾಕ್‌ಗೆ ಸಲೀಸಾಗಿ ಹೋಗುತ್ತದೆ, ಆದರೆ ಒಳಗಿನ ಪಿನ್ ಸಡಿಲ. ಮೇಜು ಅಲುಗಿದರೆ ಸಂಪರ್ಕ ತಪ್ಪುತ್ತದೆ. ಆರ್ಡರ್‌ನಲ್ಲಿ ‘12 ವೋಲ್ಟ್ 2 ಆಂಪಿಯರ್’ ಎಂದಷ್ಟೇ ಬರೆಯದೆ ಪಿನ್ನಿನ ಅಳತೆ, ನಡುವಿನ ಪಿನ್ ಧನ ಎಂಬುದನ್ನೂ ಬರೆಯಿರಿ.

ಮೆಮೊರಿ ಕಾರ್ಡ್

ಮುಂಚೆಯೇ ಸಾಫ್ಟ್‌ವೇರ್ ತುಂಬಿದ ಕಾರ್ಡ್ ಹೊಸಬರಿಗೆ ನಿಜಕ್ಕೂ ಉಪಕಾರಿ, ಮಾರಲು ಯೋಗ್ಯ. ಆದರೆ ಕ್ಲಾಸ್ 10 ಎಂಬ ಗುರುತು ಹೇಳುವುದು ಸಾಲಾಗಿ ಬರೆಯುವ ವೇಗ ಸೆಕೆಂಡಿಗೆ ಕನಿಷ್ಠ 10 ಎಂಬಿ ಎಂದು ಮಾತ್ರ. ಆಪರೇಟಿಂಗ್ ಸಿಸ್ಟಂ ಓಡಿಸಲು ಬೇಕಾದದ್ದು ಚದುರಿದ ಸಣ್ಣ ಓದು-ಬರಹದ ವೇಗ. ಎ1 ಗುರುತಿನ ಕಾರ್ಡ್ ಸೆಕೆಂಡಿಗೆ ಕನಿಷ್ಠ 1500 ಓದು, 500 ಬರಹ ಮಾಡಬೇಕು. ಎ2ದಲ್ಲಿ ಅದು 4000 ಮತ್ತು 2000, ಆದರೆ ಕಮಾಂಡ್ ಕ್ಯೂ ಮತ್ತು ಕ್ಯಾಷ್ ಅನ್ನು ಬೋರ್ಡ್ ಬೆಂಬಲಿಸದಿದ್ದರೆ ಆ ಹೆಚ್ಚಿನ ವೇಗ ಸಿಗದು. ಬಹುತೇಕ ಸಣ್ಣ ಬೋರ್ಡ್‌ಗಳಿಗೆ ಎ1 ತಕ್ಕದ್ದು.

ನಕಲಿ ಕಾರ್ಡ್ 8 ಜಿಬಿ ಇದ್ದು 32 ಎಂದು ಹೇಳಿಕೊಳ್ಳುತ್ತದೆ. ಕಾರ್ಡ್ ತುಂಬುವವರೆಗೆ ಏನೂ ಗೊತ್ತಾಗದು. ಲಿನಕ್ಸ್‌ನ ಎಫ್3 ಉಪಕರಣದಿಂದ ಪೂರ್ತಿ ಬರೆದು ಓದಿಸಿ ನೋಡಬೇಕು. ಜೊತೆಗೆ ಕಾರ್ಡಿನ ಸಿಐಡಿ ರಿಜಿಸ್ಟರ್ ಓದಿದರೆ ತಯಾರಕರ ಸಂಖ್ಯೆ, ತಯಾರಾದ ತಿಂಗಳು, ಸೀರಿಯಲ್ ಸಿಗುತ್ತದೆ. ಯುಎಸ್‌ಬಿ ಕಾರ್ಡ್ ರೀಡರ್‌ಗಳಲ್ಲಿ ಸಾಮಾನ್ಯವಾಗಿ ಇದು ಕಾಣುವುದಿಲ್ಲ, ಬೋರ್ಡಿನ ಸ್ವಂತ ಎಸ್‌ಡಿ ಸ್ಲಾಟ್‌ನಲ್ಲೇ ಓದಬೇಕು. ಒಂದೇ ಲಾಟ್‌ನ ಹಲವು ಕಾರ್ಡ್‌ಗಳಲ್ಲಿ ಒಂದೇ ಸೀರಿಯಲ್ ಬಂದರೆ ಇಡೀ ಲಾಟ್ ವಾಪಸ್ ಕಳಿಸಿ. ಇನ್ನೊಂದು ವಿಷಯ: 16 ಜಿಬಿ ಎಂದು ಬರೆದ ಎಲ್ಲ ಕಾರ್ಡ್‌ಗಳೂ ಸೆಕ್ಟರ್ ಲೆಕ್ಕದಲ್ಲಿ ಒಂದೇ ಅಲ್ಲ. ತುಸು ದೊಡ್ಡ ಕಾರ್ಡಿನಿಂದ ತೆಗೆದ ಇಮೇಜ್ ಬೇರೆ ಬ್ರ್ಯಾಂಡಿನದಕ್ಕೆ ಹಿಡಿಸುವುದಿಲ್ಲ. ಇಮೇಜನ್ನು ಕುಗ್ಗಿಸಿಟ್ಟು, ಮೊದಲ ಸಲ ಬೂಟ್ ಆದಾಗ ತಾನೇ ಹಿಗ್ಗುವಂತೆ ಮಾಡಿ.

ಹೆಡರ್, ಜಂಪರ್, ಬ್ಯಾಟರಿ, ಆಂಟೆನಾ, ಕೇಸ್

ಪಿನ್ ಹೆಡರ್‌ನಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. 2.54 ಮಿ.ಮೀ. ಅಂತರ, 0.64 ಮಿ.ಮೀ. ಚೌಕ ಪಿನ್ ಇರಲಿ. ಗುಂಡು ರಂಧ್ರದ ಮಶೀನ್ಡ್ ಸಾಕೆಟ್ ತರಿಸಿದರೆ ಚೌಕ ಪಿನ್ ಅದಕ್ಕೆ ಹೋಗದು. ಜಂಪರ್ ತಂತಿಗೆ ಮ್ಯಾಗ್ನೆಟ್ ಹಿಡಿಯಿರಿ. ಸುಲಿದ ತಂತಿ ಅಂಟಿಕೊಂಡರೆ ಒಳಗಿರುವುದು ತಾಮ್ರ ಲೇಪಿಸಿದ ಕಬ್ಬಿಣ.

ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಸಣ್ಣ ತಯಾರಕರು ಮಾರದಿರುವುದೇ ಕ್ಷೇಮ. ಯುಎನ್ 38.3 (ಲಿಥಿಯಂ ಬ್ಯಾಟರಿ ಸಾಗಣೆಯ ಸುರಕ್ಷತೆ) ಪರೀಕ್ಷಾ ಸಾರಾಂಶ ಇಲ್ಲದ ಬ್ಯಾಟರಿಯನ್ನು ಸಾಗಣೆದಾರರು ಮುಟ್ಟುವುದಿಲ್ಲ, ಬ್ಯಾಟರಿಯನ್ನೇ ಪ್ರತ್ಯೇಕವಾಗಿ ವಿಮಾನದಲ್ಲಿ ಕಳಿಸುವಾಗ ಚಾರ್ಜ್ 30%ಕ್ಕಿಂತ ಹೆಚ್ಚಿರಬಾರದು. ಅದಕ್ಕಿಂತ ಕೆಟ್ಟ ತೊಡಕು ಎಂದರೆ 2 ಮಿ.ಮೀ. ಜೆಎಸ್‌ಟಿ ಪಿಎಚ್ ಕನೆಕ್ಟರ್‌ನಲ್ಲಿ ಯಾವ ಬದಿ ಧನ ಎಂಬುದಕ್ಕೆ ಒಪ್ಪಿತ ನಿಯಮವೇ ಇಲ್ಲ. ಒಬ್ಬರ ಬ್ಯಾಟರಿಯಲ್ಲಿ ಕೆಂಪು ತಂತಿ ಎಡಕ್ಕೆ, ಇನ್ನೊಬ್ಬರದರಲ್ಲಿ ಬಲಕ್ಕೆ. ಕೊಂಡವರು ಹೊರಗಿನ ಬ್ಯಾಟರಿ ಹಾಕುತ್ತಾರೆಂದೇ ಎಣಿಸಿ ಬೋರ್ಡಿನಲ್ಲಿ ರಿವರ್ಸ್ ರಕ್ಷಣೆಗೆ (ಧನ-ಋಣ ತಿರುಗಿ ಸೇರಿದರೂ ಬೋರ್ಡ್ ಸುಡದಂತೆ) ಒಂದು ಪಿ-ಚಾನೆಲ್ ಮಾಸ್ಫೆಟ್ ಇಡಿ, ಕನೆಕ್ಟರ್ ಪಕ್ಕದಲ್ಲಿ + ಮತ್ತು − ಎದ್ದು ಕಾಣುವಂತೆ ಮುದ್ರಿಸಿ.

ಆಂಟೆನಾದಲ್ಲಿ ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ (ತಿರುಪು ಒಂದೇ, ನಡುವಿನ ಪಿನ್-ರಂಧ್ರ ಮಾತ್ರ ತಿರುಗುಮುರುಗಾದ ಕನೆಕ್ಟರ್‌ಗಳು) ಅದಲುಬದಲಾದರೂ ತಿರುಪು ಸರಾಗವಾಗಿ ಕೂರುತ್ತದೆ. ಎರಡೂ ಬದಿ ರಂಧ್ರವೇ ಇದ್ದರೆ ನಡುವೆ ಸಂಪರ್ಕವಿಲ್ಲ. ಸಿಗ್ನಲ್ ಇದ್ದೂ ಇಲ್ಲದಂತೆ. ಬೋರ್ಡಿಗೆ ಒತ್ತಿ ಕೂರಿಸುವ ಯು.ಎಫ್‌ಎಲ್ ಕನೆಕ್ಟರ್‌ನ ಆಯಸ್ಸು 30 ಸಲ ಸಿಕ್ಕಿಸಿ ತೆಗೆಯುವುದಕ್ಕೆ ಮಾತ್ರ, ಪರೀಕ್ಷೆಯಲ್ಲೇ ಅದನ್ನು ಸವೆಸಬೇಡಿ. ರೇಡಿಯೋ ಮಾಡ್ಯೂಲ್‌ನ ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ) ಅನುಮತಿ ಪರೀಕ್ಷೆಗೆ ಒಳಗಾದ ಬಗೆಯ, ಅಷ್ಟೇ ಅಥವಾ ಕಡಿಮೆ ಗೇನ್‌ನ ಆಂಟೆನಾಗಳಿಗೆ ಅನ್ವಯಿಸುತ್ತದೆ. ಮೂರು ಡಿಬಿಐ ಗೇನ್‌ಗೆ ಅನುಮತಿ ಇರುವಾಗ ಐದರದ್ದನ್ನು ‘ಹೆಚ್ಚು ದೂರ ಹೋಗುತ್ತದೆ’ ಎಂದು ಮಾರುವಂತಿಲ್ಲ.

ಕೇಸ್‌ನಲ್ಲಿ ಎಡವುವುದು ಬೋರ್ಡಿನ ಅಳತೆಯಲ್ಲಲ್ಲ, ಪ್ಲಗ್ಗಿನ ಅಳತೆಯಲ್ಲಿ. ಟೈಪ್-ಸಿ ಪ್ಲಗ್ಗಿನ ಪ್ಲಾಸ್ಟಿಕ್ ಹಿಡಿ 12.35×6.5 ಮಿ.ಮೀ.ವರೆಗೆ ಇರಬಹುದು. ಲೋಹದ ಬಾಯಿಗಷ್ಟೇ ಕಿಂಡಿ ಕೊರೆದು, ಕನೆಕ್ಟರ್ ಗೋಡೆಯಿಂದ 2 ಮಿ.ಮೀ. ಒಳಗಿದ್ದರೆ ಪ್ಲಗ್ ಪೂರ್ತಿ ಕೂರುವುದಿಲ್ಲ. ವಿದ್ಯುತ್ ಬರುತ್ತದೆ, ಆಗಾಗ ಡೇಟಾ ಕಡಿಯುತ್ತದೆ. ಕಿಂಡಿ 13×7.2 ಇಡಿ. ಇನ್ನೂರು ಕೇಸ್‌ಗೆ ಇಂಜೆಕ್ಷನ್ ಮೋಲ್ಡ್‌ನ ಅಚ್ಚಿನ ಖರ್ಚು ಗಿಟ್ಟದು, ಪುಡಿ ಬೆಸೆದು ಮಾಡುವ 3ಡಿ ಮುದ್ರಣ ಅಥವಾ ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಸಾಕು. ಅಕ್ರಿಲಿಕ್‌ನಲ್ಲಿ 3 ಮಿ.ಮೀ. ಎಂಬ ಹಾಳೆ ಹೆಸರಿಗಷ್ಟೇ 3. ಪ್ರತಿ ಲಾಟ್‌ನ ಹಾಳೆಯನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಸೀಳು ಕೊರೆಸಬೇಕು.

ದರ ಕಟ್ಟುವುದು

ಮತ್ತೆ ಅದೇ 100ರ ಕಾರ್ಖಾನೆ ಕೇಬಲ್ ತೆಗೆದುಕೊಳ್ಳಿ. ಸಾಗಣೆ ಮತ್ತು ಬ್ಯಾಂಕ್ ಶುಲ್ಕ ಬಿಡಿಗೆ 20, ಅದರ ಮೇಲೆ ಹತ್ತು ಶೇಕಡಾ ಸುಂಕ 12. ಬಾಗಿಲಿಗೆ ಬರುವಾಗ 132. ಪರೀಕ್ಷೆಯ ಕೂಲಿ 8 ಸೇರಿ 140. ನೂರಕ್ಕೆ ಐದು ತಿರಸ್ಕೃತವಾದರೆ 140ನ್ನು 0.95ರಿಂದ ಭಾಗಿಸಬೇಕು, 147 ಚಿಲ್ಲರೆ. ಕವರ್, ಲೇಬಲ್ 7. ಮಾರಿದ ನೂರರಲ್ಲಿ ಎರಡು ವಾಪಸ್ ಬಂದು, ಒಂದನ್ನು ಬದಲಿಸಿ ಅಂಚೆಗೆ ಹಾಕಲು 300 ತಗುಲಿದರೆ ಪ್ರತಿ ಕೇಬಲ್ ಮೇಲೆ 6. ಒಟ್ಟು 160. ಅಸಲು ಇದು, 100 ಅಲ್ಲ. ಸುಂಕ ಎಷ್ಟೆಂಬುದು ಎಚ್‌ಎಸ್ ಕೋಡ್ ಮೇಲೆ ನಿಂತಿದೆ: ಕನೆಕ್ಟರ್ ಇರುವ ಕೇಬಲ್ 8544.42, ಅಡಾಪ್ಟರ್ 8504.40, ಮೆಮೊರಿ ಕಾರ್ಡ್ 8523.51. ಕಿಟ್ ಎಂದು ಒಟ್ಟಾಗಿ ತರಿಸುವ ಮುಂಚೆ ಯಾವ ಕೋಡ್ ಅಡಿ ಬರುತ್ತದೆಂದು ಏಜೆಂಟರನ್ನು ಕೇಳಿ.

40% ಲಾಭ ಬೇಕೆಂದು 160ಕ್ಕೆ 40% ಸೇರಿಸಿದರೆ 224 ಆಯಿತು. ಅದು ಮಾರಾಟ ದರದ 28.6% ಮಾತ್ರ. ಮಾರಾಟ ದರದ ಮೇಲೆ 40% ಉಳಿಯಬೇಕಾದರೆ 160ನ್ನು 0.6ರಿಂದ ಭಾಗಿಸಬೇಕು: 267. ಈ ವ್ಯತ್ಯಾಸ ಬಯಲಾಗುವುದು ಮರುಮಾರಾಟಗಾರರು 25% ರಿಯಾಯಿತಿ ಕೇಳಿದ ದಿನ. 267ರಲ್ಲಿ ಕೊಟ್ಟರೆ 200 ಬಂದು 40 ಉಳಿಯುತ್ತದೆ. 224ರಲ್ಲಿ ಕೊಟ್ಟರೆ 168 ಬಂದು ಉಳಿಯುವುದು 8. 100ರ ಮೇಲೆ 40% ಹಾಕಿ 140ಕ್ಕೆ ಮಾರುವವರು ಪ್ರತಿ ಕೇಬಲ್‌ಗೂ 20 ಕೈಯಿಂದ ಹಾಕುತ್ತಿದ್ದಾರೆ. 267 ಎಂದರೆ ಯಾರೂ ಕೊಳ್ಳುವುದಿಲ್ಲ ಅನ್ನಿಸಿದರೆ ಆ ಸಾಮಾನು ನಿಮ್ಮ ಅಂಗಡಿಗೆ ಸೇರಿದ್ದಲ್ಲ. ಪಟ್ಟಿಯಿಂದ ತೆಗೆದು, ಕೇಬಲ್ ಹೇಗಿರಬೇಕು ಎಂಬ ವಿವರವನ್ನು ಬೋರ್ಡಿನ ಕೈಪಿಡಿಯಲ್ಲಿ ಬರೆಯಿರಿ. ಬೋರ್ಡಿನ ದರ ತಗ್ಗಿಸಿ ಬಿಡಿ ಸಾಮಾನಿನಲ್ಲಿ ಲಾಭ ತೆಗೆಯುತ್ತೇವೆ ಎಂಬ ಯೋಚನೆ ಸಣ್ಣ ಲಾಟ್‌ಗೆ ಖಂಡಿತ ಹೊಂದದು, ಏಕೆಂದರೆ ಬೋರ್ಡ್ ಕೊಂಡವರು ಕೇಬಲ್ಲನ್ನೂ ಇಲ್ಲೇ ಕೊಳ್ಳಬೇಕೆಂದೇನಿಲ್ಲ.

ಬಂದ ಮಾಲಿನ ಪರೀಕ್ಷೆ

ಇಪ್ಪತ್ತು ತೆಗೆದು ನೋಡಿದೆವು, ಎಲ್ಲವೂ ಸರಿ ಎನ್ನುವುದು ಸಾಲದು. ಲಾಟ್‌ನಲ್ಲಿ ನೂರಕ್ಕೆ ಐದು ಕೆಟ್ಟಿದ್ದರೂ ಇಪ್ಪತ್ತರಲ್ಲಿ ಒಂದೂ ಕೈಗೆ ಸಿಗದಿರುವ ಸಾಧ್ಯತೆ 36%. ಐವತ್ತು ನೋಡಿದರೆ ಅದು 8%ಕ್ಕೆ ಇಳಿಯುತ್ತದೆ. ಸ್ಯಾಂಪಲ್ ಪರೀಕ್ಷೆಯ ಮಾನದಂಡವಾದ ಐಎಸ್ಒ 2859-1ರ ಕೋಷ್ಟಕದಲ್ಲಿ 281ರಿಂದ 500ರ ಲಾಟ್‌ಗೆ ಸಾಮಾನ್ಯ ಮಟ್ಟ 2ರಲ್ಲಿ ಹೇಳಿರುವುದೂ ಐವತ್ತೇ. ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಟ್ಟ) 1.0 ಆದರೆ ಒಂದು ಕೆಟ್ಟದ್ದಕ್ಕೆ ಒಪ್ಪಿಗೆ, ಎರಡಕ್ಕೆ ವಾಪಸ್. ಈ ಷರತ್ತನ್ನು ಹಣ ಕಳಿಸುವ ಮುಂಚೆ ಆರ್ಡರ್‌ನಲ್ಲೇ ಬರೆದಿರಬೇಕು. ಮಾಲು ಬಂದ ಮೇಲೆ ಎತ್ತಿದರೆ ಕಾರ್ಖಾನೆಯವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಪ್ಪಿದ ಸ್ಯಾಂಪಲ್ ಎರಡನ್ನು ಸಹಿ ಹಾಕಿ ಸೀಲ್ ಮಾಡಿ, ಒಂದು ಅವರ ಬಳಿ, ಒಂದು ನಿಮ್ಮ ಬಳಿ ಇರಲಿ. ಅದರ ಜೊತೆ ಒಂದು ಹಾಳೆ: ಉದ್ದ ಮತ್ತು ಅದರ ಹೆಚ್ಚುಕಡಿಮೆ, ತಂತಿಯ ಗೇಜ್ ಮತ್ತು ಲೋಹ, 1 ಆಂಪಿಯರ್‌ನಲ್ಲಿ ಗರಿಷ್ಠ ಇಳಿಕೆ, ರೆಸಿಸ್ಟರ್ ಮೌಲ್ಯ. ಎರಡನೇ ಲಾಟ್ ಬಂದಾಗ ಹೊದಿಕೆ, ಕನೆಕ್ಟರ್, ಮುದ್ರಣ ಎಲ್ಲ ಹಾಗೇ ಕಂಡರೂ ಪೆಟ್ಟಿಗೆಯ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಕೇಬಲ್ ತೆಗೆದು ಕತ್ತರಿಸಿ, ಒಳಗಿನ ತಂತಿಯನ್ನು ಆ ಹಾಳೆಯ ಜೊತೆ ತಾಳೆ ನೋಡಿ. ಮಿಕ್ಕವನ್ನು ಮೊದಲ ಲಾಟ್‌ನಂತೆಯೇ ಲೋಡ್ ಹಾಕಿ ಪರೀಕ್ಷಿಸಿದ ಮೇಲೆ ಸ್ಟಾಕ್‌ಗೆ ಸೇರಿಸಿ.